ಸಾಣಾಪುರ ಕೆರೆಯ ಹರಿಗೋಲು ವಿಹಾರ: ಮಕ್ಕಳೊಂದಿಗೆ ಹೋಗುವವರಿಗಾಗಿ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿರುವ ಸಾಣಾಪುರ ಕೆರೆಯು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ತುಂಬುವ, ಸುತ್ತಲೂ ಹೆಬ್ಬಂಡೆಗಳ ಗುಡ್ಡಗಳಿರುವ ಜಲಾಶಯವಾಗಿದ್ದು, ಊಟಿ, ಕೊಡೈಕೆನಾಲ್‌ವರೆಗೆ ಹೋಗಲಾಗದ ನಮ್ಮ ಭಾಗದ ಕುಟುಂಬಗಳು ಒಂದೇ ದಿನದಲ್ಲಿ ನೋಡಿಬರಲು ಯೋಗ್ಯವಾದ ಸ್ಥಳ. ಮಕ್ಕಳಿಗೆ ಇಲ್ಲಿನ ಹರಿಗೋಲು ವಿಹಾರವೇ ಮುಖ್ಯ ಆಕರ್ಷಣೆ. ಬಿದಿರಿನ ಹೆಣಿಗೆಯ ಹೊರಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿರುವ ಈ ದುಂಡನೆಯ ದೋಣಿಯನ್ನು ಅಂಬಿಗರು ಒಂದೇ ಹುಟ್ಟಿನಿಂದ ನಡೆಸುತ್ತಾರೆ. ಕೆರೆಯ ನಡುವೆ ಅದನ್ನು ಬುಗುರಿಯಂತೆ ಗಿರಗಿರನೆ ತಿರುಗಿಸಿದಾಗ ಹಿರಿಯ ಮಗಳು ಕೇಕೆ ಹಾಕಿದರೆ, ಕಿರಿಯವನು ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದು ‘ಸಾಕು ಕಾಕಾ, ಸಾಕು’ ಎಂದು ಬೇಡಿಕೊಂಡನು. ಅಂಬಿಗರು ನಕ್ಕು ಕೂಡಲೇ ನಿಲ್ಲಿಸಿದರು. ಈ ಸೌಜನ್ಯವನ್ನು ಮೆಚ್ಚಲೇಬೇಕು.

ಆದರೆ ನಮಗೆ ಕೊಟ್ಟ ಜೀವರಕ್ಷಕ ಜಾಕೆಟ್‌ಗಳೆಲ್ಲವೂ ದೊಡ್ಡವರ ಅಳತೆಯವಾಗಿದ್ದು, ಮಗನಿಗೆ ತೊಡಿಸಿದ್ದು ಕಿವಿಯವರೆಗೆ ಏರಿ ಕುಳಿತಿತ್ತು. ಮಕ್ಕಳಿಗೂ ಪೂರ್ತಿ ದರ ಪಡೆಯುವವರು ಅವರ ಅಳತೆಯ ಜಾಕೆಟ್‌ಗಳನ್ನು ಇಡಬೇಕಲ್ಲವೇ? ದರಪಟ್ಟಿಯೂ ನಮಗೆ ಎಲ್ಲಿಯೂ ಕಾಣಲಿಲ್ಲವಾದ್ದರಿಂದ, ಹತ್ತುವ ಮೊದಲೇ ಎಷ್ಟು ದುಡ್ಡು, ಎಷ್ಟು ಹೊತ್ತು ಎಂಬುದನ್ನು ಖಚಿತವಾಗಿ ಮಾತಾಡಿಕೊಳ್ಳುವುದು ಒಳ್ಳೆಯದು. ಬಂಡೆಗಳ ಬುಡದಲ್ಲಿ ನೀರಿನ ಆಳ ತಿಳಿಯುವುದಿಲ್ಲ. ಮಕ್ಕಳು ಎಷ್ಟೇ ಹಟ ಹಿಡಿದರೂ ಇಳಿಸಬಾರದು.

ಬಿಸಿಲೇರಿದ ಮೇಲೆ ಬಂಡೆಗಳು ಕಾಯುವುದರಿಂದ ಬೆಳಗಿನ ಹೊತ್ತೇ ವಿಹಾರ ಮುಗಿಸಿ, ಸಮೀಪದ ಪಂಪಾ ಸರೋವರವನ್ನು ನೋಡಬಹುದು. ಚಿಕ್ಕ ಮಕ್ಕಳಿದ್ದರೆ 575 ಮೆಟ್ಟಿಲುಗಳ ಅಂಜನಾದ್ರಿಯನ್ನು ಮಾತ್ರ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದು ಲೇಸು.