ಮೆಷ್, ಟೂರಿಂಗ್, ಲೆದರ್, ಆರ್ಮರ್ ಶರ್ಟ್: ಮೈಸೂರು-ಮಂಡ್ಯ ರಸ್ತೆಗೆ ಯಾವ ಜಾಕೆಟ್ ಸರಿ?

2023ರ ಆಗಸ್ಟ್ 1ರಿಂದ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಹತ್ತುವಂತಿಲ್ಲ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಯಾವ ಕಡೆ ಹೋದರೂ ಸರ್ವಿಸ್ ರೋಡೇ ಗತಿ. ಅಲ್ಲಿ ಓಡುವ ವೇಗ 40ರಿಂದ 60. ಊರಿಗೊಂದು ಹಂಪು, ಎದುರು ದಿಕ್ಕಿನಿಂದ ಬರುವ ಗಾಡಿಗಳು, ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಜಲ್ಲೆ, ಸೋಗೆ. ಒಳರಸ್ತೆಗೆ ಇಳಿದರೆ ಸುಗ್ಗಿಯಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಡಾಂಬರಿನ ಮೇಲೇ ಹರಡಿರುತ್ತಾರೆ. ಒಣಗಿದ ಹುರುಳಿ ಸೊಪ್ಪಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಟೈರು ಜಾರಿಯೇ ಜಾರುತ್ತೆ. ಇಲ್ಲಿ ಬೀಳುವವರು ಹೆಚ್ಚಾಗಿ ಬೀಳುವುದು ಪಕ್ಕಕ್ಕೆ. ಮೊದಲು ನೆಲ ಮುಟ್ಟುವುದು ಮೊಣಕಾಲು, ಸೊಂಟದ ಮೂಳೆ, ಮೊಣಕೈ, ಭುಜ, ಅಂಗೈ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಜಾಕೆಟ್ ನೋಡಬೇಕು. ಕ್ಯಾಟಲಾಗಿನ ಫೋಟೋ ತೆಗೆದದ್ದು ಬೇರೆ ಹವೆಯಲ್ಲಿ, ಬೇರೆ ರಸ್ತೆಯಲ್ಲಿ.

ಹೋಲಿಸುವ ಮೊದಲು ಲೇಬಲ್ ಓದುವುದು ಗೊತ್ತಿರಬೇಕು. ಹೆಲ್ಮೆಟ್ಟಿಗೆ ಐಎಸ್ಐ ಗುರುತು ಕಡ್ಡಾಯ, ಜಾಕೆಟ್ಟಿಗೆ ಅಂಥ ಕಡ್ಡಾಯ ಇಲ್ಲ. ಹಾಗಾಗಿ ರೈಡಿಂಗ್ ಜಾಕೆಟ್ ಅನ್ನುವ ಹೆಸರಿನಲ್ಲಿ ಏನು ಬೇಕಾದರೂ ಮಾರಬಹುದು, ಮಾರುತ್ತಲೂ ಇದ್ದಾರೆ. ಜಾಕೆಟ್ ಒಳಗೆ ಹೊಲಿದಿರುವ ಲೇಬಲ್ಲಿನಲ್ಲಿ ಬೈಕ್ ಸವಾರನ ಸಣ್ಣ ಚಿತ್ರ, ಇಎನ್ 17092 ಎಂಬ ನಂಬರು, ಪಕ್ಕದಲ್ಲಿ ಎಎಎ, ಎಎ, ಎ, ಬಿ, ಸಿ ಇವುಗಳಲ್ಲೊಂದು ದರ್ಜೆ ಇರಬೇಕು. ಇದು ಯುರೋಪಿನ ಮಾನದಂಡ. ಪರೀಕ್ಷೆಯಲ್ಲಿ ಬಟ್ಟೆಯ ತುಂಡನ್ನು ಗಿರಗಿರ ತಿರುಗಿಸಿ ಕಾಂಕ್ರೀಟಿನ ಮೇಲೆ ಬಿಟ್ಟು ಉಜ್ಜಿಸುತ್ತಾರೆ. ಭುಜ, ಮೊಣಕೈಯಂಥ ಮೊದಲ ಏಟು ತಿನ್ನುವ ಜಾಗದ ಬಟ್ಟೆ ಎಎಎ ದರ್ಜೆಗೆ ಗಂಟೆಗೆ 120 ಕಿ.ಮೀ., ಎಎ ದರ್ಜೆಗೆ 70, ಎ ದರ್ಜೆಗೆ 45 ಕಿ.ಮೀ. ವೇಗಕ್ಕೆ ಸಮನಾದ ಉಜ್ಜಾಟ ತಡೆಯಬೇಕು. ಸರ್ವಿಸ್ ರೋಡಿನ ವೇಗಕ್ಕೂ ಎ ದರ್ಜೆಯ 45ಕ್ಕೂ ಇರುವ ಅಂತರ ಇಲ್ಲೇ ಕಾಣುತ್ತೆ. ಸಿಕ್ಕರೆ ಎಎ ತೆಗೆದುಕೊಳ್ಳಿ ಅನ್ನುವುದು ಅದಕ್ಕೇ.

ಇನ್ನೊಂದು ಮೋಸ ಹೋಗುವ ಜಾಗ: ಜಾಕೆಟ್ಟಿನ ತೋಳಿಗೆ ನೇತುಹಾಕಿದ ‘ಸಿಇ ಆರ್ಮರ್’ ಅನ್ನುವ ರಟ್ಟಿನ ಚೀಟಿ. ಸಿಇ ಅಂದರೆ ಯುರೋಪಿನ ಮಾನದಂಡಕ್ಕೆ ಒಪ್ಪುತ್ತೆ ಅನ್ನುವ ಗುರುತು, ಆರ್ಮರ್ ಅಂದರೆ ಏಟು ತಡೆಯುವ ಪ್ಯಾಡು. ಅದು ಒಳಗಿನ ಪ್ಯಾಡಿಗೆ ಸಂಬಂಧಪಟ್ಟದ್ದು, ಬಟ್ಟೆಗಲ್ಲ. ಪ್ಯಾಡನ್ನೇ ಜೇಬಿನಿಂದ ಹೊರಗೆಳೆದು ನೋಡಿ. ಕೈಕಾಲಿನ ಪ್ಯಾಡಿನ ಮೇಲೆ ಇಎನ್ 1621-1 ಅಂತ ಅಚ್ಚಾಗಿರಬೇಕು, ಜೊತೆಗೆ ಲೆವೆಲ್ 1 ಅಥವಾ 2. ಪ್ಯಾಡಿನ ಮೇಲೆ ಭಾರ ಬಿಟ್ಟಾಗ ಅದನ್ನು ದಾಟಿ ಮೂಳೆಗೆ ತಲುಪುವ ಬಲ ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20. ಬೆನ್ನಿನ ಪ್ಯಾಡಿಗೆ ಇಎನ್ 1621-2. ಅಲ್ಲಿ 18 ಮತ್ತು 9. ಕಡಿಮೆ ಬೆಲೆಯ ಬಹಳಷ್ಟು ಜಾಕೆಟ್ಟುಗಳಲ್ಲಿ ಭುಜಕ್ಕೆ, ಮೊಣಕೈಗೆ ಸರಿಯಾದ ಪ್ಯಾಡಿದ್ದು ಬೆನ್ನಿಗೆ ಮಾತ್ರ ಬರೀ ಫೋಮಿನ ಹಾಳೆ ಇರುತ್ತೆ. ಎರಡು ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗುವ ಆ ಹಾಳೆ ಜಾಗ ತುಂಬಿಸಲು ಇಟ್ಟದ್ದು. ಬೆನ್ನಿನ ಪ್ಯಾಡಿನ ಖರ್ಚನ್ನು ಜಾಕೆಟ್ಟಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಮೆಷ್ ಜಾಕೆಟ್

ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮಂಡ್ಯ ಕಡೆ ಹೋಗಬೇಕಾದವರಿಗೆ ಇದಕ್ಕೆ ಎದುರಿಲ್ಲ. ಗಾಡಿ 30 ದಾಟಿದರೆ ಗಾಳಿ ನೇರ ಎದೆಗೆ ನುಗ್ಗಿ ಬೆವರು ಆರುತ್ತೆ. ದೊಡ್ಡ ವಿಂಡ್‌ಸ್ಕ್ರೀನ್ ಇರುವ ಗಾಡಿಯಲ್ಲಿ ಈ ಲಾಭ ಅರ್ಧಕ್ಕರ್ಧ ಹೋಗುತ್ತೆ, ಎದೆಗೆ ಗಾಳಿ ಬರದೆ ತೋಳಿಗೆ ಮಾತ್ರ ಬರುತ್ತೆ. ಒಳಗೆ ಕಾಟನ್ ಬನಿಯನ್ ಹಾಕಬೇಡಿ. ಅದು ಬೆವರು ಕುಡಿದು ಮೈಗಂಟುತ್ತೆ, ಜಾಕೆಟ್ಟಿನ ಒಳಪದರ ಅದಕ್ಕೆ ಎಳೆದು ತೋಳು ಮಡಚಲೂ ಕಷ್ಟ. ಆಟಗಾರರು ಹಾಕುವ ತೆಳು ಪಾಲಿಯೆಸ್ಟರ್ ತುಂಬುತೋಳಿನ ಟೀ ಶರ್ಟ್ ಸಾಕು.

ಮೆಷ್ ಅಂದರೆ ತೂತು ಬಟ್ಟೆ, ಹಾಗಾಗಿ ಸವೆತಕ್ಕೆ ಅದು ಸೋಲುತ್ತೆ. ಆದರೆ ಸೋಲುವುದು ಎಲ್ಲಿ ಅನ್ನುವುದು ಮುಖ್ಯ. ಒಳ್ಳೆಯ ಜಾಕೆಟ್ಟಿನಲ್ಲಿ ಎದೆ, ಬೆನ್ನಿನ ನಡುಭಾಗ, ತೋಳಿನ ಒಳಬದಿ ಮಾತ್ರ ಮೆಷ್. ಭುಜದ ಮೇಲೆ, ಮೊಣಕೈಯಿಂದ ಮುಂಗೈ ಹೊರಬದಿಯವರೆಗೆ 500ಡಿ (ಡೆನಿಯರ್, ನೂಲಿನ ದಪ್ಪದ ಅಳತೆ) ಅಥವಾ ಅದಕ್ಕಿಂತ ದಪ್ಪದ, ಕಾರ್ಡುರಾ ಎಂಬ ನೈಲಾನ್ ಬಟ್ಟೆಯಂಥ ಗಟ್ಟಿ ನೇಯ್ಗೆ ಇರುತ್ತೆ. ಕಳಪೆ ಮಾಲಿನಲ್ಲಿ ಮೊಣಕೈ ಪ್ಯಾಡಿನ ಮೇಲೇ ಮೆಷ್ ಬಂದಿರುತ್ತೆ. ಅಂಗಡಿಯಲ್ಲಿ ಜಾಕೆಟ್ಟಿನ ಒಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ: ಭುಜ, ಮೊಣಕೈ ಹೊರಬದಿಯಲ್ಲಿ ಬೆಳಕು ಚುಕ್ಕೆ ಚುಕ್ಕೆಯಾಗಿ ಹಾಯ್ದರೆ ಅದು ಬೇಡ. ಮೆಷ್‌ನಲ್ಲಿ ಸಿಗುವುದು ಹೆಚ್ಚಾಗಿ ಎ ದರ್ಜೆ, ಎಎ ಹುಡುಕಬೇಕಾಗುತ್ತೆ.

ಗಾಳಿ ಬಿಡುವ ಗುಣವೇ ಎತ್ತರಕ್ಕೆ ಹೋದಾಗ ತೊಂದರೆ. ಗುಂಡ್ಲುಪೇಟೆ, ಬಂಡೀಪುರ ದಾಟಿ 2,200 ಮೀಟರಿಗೂ ಮೇಲಿರುವ ಊಟಿಗೆ ಹತ್ತುವಾಗ ಡಿಸೆಂಬರಿನ ಬೆಳಿಗ್ಗೆ ಮೆಷ್ ಒಂದೇ ಸಾಲದು. ಮೇಲೊಂದು ರೇನ್‌ಕೋಟ್ ಹಾಕಿಕೊಂಡರೆ ಗಾಳಿ ಪೂರ್ತಿ ನಿಲ್ಲುತ್ತೆ. ಒಳಗೆ ಸ್ವೆಟರ್ ತುರುಕುವುದಕ್ಕಿಂತ ಇದು ಎಷ್ಟೋ ವಾಸಿ, ಪ್ಯಾಡು ಜಾಗ ಬಿಟ್ಟು ಸರಿಯುವುದಿಲ್ಲ.

ಮೂರು ಪದರದ ಟೂರಿಂಗ್ ಜಾಕೆಟ್

ಹೊರಗೆ ಗಟ್ಟಿ ಬಟ್ಟೆ, ಒಳಗೆ ಕಳಚಬಹುದಾದ ಮಳೆ ಪದರ, ಅದರೊಳಗೆ ಚಳಿ ಪದರ. ಒಂದೇ ಜಾಕೆಟ್ಟಿನಲ್ಲಿ ವರ್ಷವಿಡೀ ಕಳೆಯಬಹುದು ಅಂತ ಹೇಳಿ ಮಾರುವುದು ಇದನ್ನೇ. ಸವೆತಕ್ಕೆ ಮೆಷ್‌ಗಿಂತ ಒಂದು ಕೈ ಮೇಲು, ಜೇಬುಗಳು ಧಾರಾಳ, ಊಟಿ-ಮಡಿಕೇರಿ ಚಳಿಗೆ ಹಾಯಾಗಿರುತ್ತೆ. ಮಳೆಯಲ್ಲಿ ಮಾತ್ರ ಇದರ ಲೆಕ್ಕ ತಪ್ಪುತ್ತೆ.

ಜುಲೈನಲ್ಲಿ ಹುಣಸೂರು, ಪಿರಿಯಾಪಟ್ಟಣ ಮೇಲೆ ಮಡಿಕೇರಿಗೆ ಹೊರಟಿರಿ ಅನ್ನಿ. ಮಳೆ ಪದರ ಒಳಗಿರುವುದರಿಂದ ಮೈ ನೆನೆಯುವುದಿಲ್ಲ, ನಿಜ. ಹೊರಬಟ್ಟೆ ನೀರು ಕುಡಿದು ಭಾರವಾಗುತ್ತೆ, ಗಾಳಿಗೆ ಆ ನೀರು ಆರುತ್ತಾ ಮೈ ಶಾಖವನ್ನೂ ಎಳೆದುಕೊಳ್ಳುತ್ತೆ. ಒದ್ದೆ ಇಲ್ಲ, ಆದರೂ ನಡುಕ. ಆ ಹವೆಯಲ್ಲಿ ರಾತ್ರಿ ನೇತುಹಾಕಿದ ಜಾಕೆಟ್ ಬೆಳಿಗ್ಗೆಗೆ ಒಣಗುವ ಮಾತೇ ಇಲ್ಲ. ಮಳೆ ದಿಢೀರನೆ ಹಿಡಿದರೆ ಒಳಪದರ ಹಾಕಲು ರಸ್ತೆ ಬದಿಯಲ್ಲಿ ಜಾಕೆಟ್ ಪೂರ್ತಿ ಬಿಚ್ಚಬೇಕು. ಬೇಸಿಗೆಯಲ್ಲಿ ಇನ್ನೊಂದು: ಮಳೆ ಪದರ ಒಳಗೇ ಬಿಟ್ಟು ಎದೆಯ ಗಾಳಿ ಜಿಪ್ ತೆರೆದರೆ ಪ್ರಯೋಜನವಿಲ್ಲ, ಗಾಳಿ ಆ ಪದರಕ್ಕೆ ಬಡಿದು ಅಲ್ಲೇ ನಿಲ್ಲುತ್ತೆ. ಪದರ ತೆಗೆದರೂ, ಬೆನ್ನಿನಲ್ಲಿ ಗಾಳಿ ಹೊರಹೋಗುವ ಜಿಪ್ ಇಲ್ಲದಿದ್ದರೆ ಜಾಕೆಟ್ ಉಬ್ಬುತ್ತೆಯೇ ಹೊರತು ತಂಪಾಗುವುದಿಲ್ಲ.

ಹೊರಬಟ್ಟೆಗೇ ಮಳೆ ಪದರ ಅಂಟಿಸಿದ ಲ್ಯಾಮಿನೇಟೆಡ್ ಜಾಕೆಟ್ ಈ ತೊಂದರೆ ನೀಗಿಸುತ್ತೆ, ಆದರೆ ಬೆಲೆ ಬಹಳ ಮೇಲೆ, ಮೈಸೂರಿನ ಬೇಸಿಗೆಗೆ ಅದೂ ಬಿಸಿಯೇ.

ಯಾವ ಮಳೆ ಉಡುಪಾದರೂ ಗ್ಲೌಸಿನ ಪಟ್ಟಿ ತೋಳಿನ ಒಳಗಿರಲಿ. ಹೊರಗಿದ್ದರೆ ತೋಳಿನ ಮೇಲೆ ಹರಿದ ನೀರು ಸೀದಾ ಗ್ಲೌಸಿಗೆ ಇಳಿಯುತ್ತೆ. ಮಳೆ ಪ್ಯಾಂಟು ಮೊದಲು ಸೋರುವುದು ತೊಡೆಸಂದಿಯ ಹೊಲಿಗೆಯಲ್ಲಿ, ಸೀಟಿನ ಮೇಲೆ ನೀರು ನಿಲ್ಲುವುದೇ ಅಲ್ಲಿ. ಕೊಳ್ಳುವಾಗ ಒಳಮಗ್ಗುಲು ತಿರುವಿ ಆ ಹೊಲಿಗೆಯ ಮೇಲೆ ಟೇಪು ಅಂಟಿಸಿದೆಯೇ, ಅಂಚು ಎದ್ದಿದೆಯೇ ನೋಡಿ.

ಲೆದರ್

ಉಜ್ಜಾಟಕ್ಕೆ ಲೆದರಿನ ಮುಂದೆ ಉಳಿದದ್ದೆಲ್ಲ ಕಡಿಮೆಯೇ. 1.1ರಿಂದ 1.3 ಮಿ.ಮೀ. ದಪ್ಪದ ಹಸುವಿನ ಚರ್ಮ, ಎರಡು ಮೂರು ಸಾಲು ಹೊಲಿಗೆ ಇದ್ದರೆ ಎಎ, ಎಎಎ ದರ್ಜೆ ಸಿಗಬಹುದು. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಉಜ್ಜಾಟದ ಬಿಸಿಗೆ ಕರಗಬಲ್ಲದು, ಚರ್ಮ ಕರಗುವುದಿಲ್ಲ. ಆದರೆ ಬುಲೆಟ್ ಹುಡುಗರು ಹಾಕುವ, ಫ್ಯಾಷನ್ ಅಂಗಡಿಯ ತೆಳು ಕುರಿಚರ್ಮದ ಜಾಕೆಟ್ ಈ ಮಾತಿಗೆ ಸೇರುವುದಿಲ್ಲ. ಅದರಲ್ಲಿ ಪ್ಯಾಡಿಗೆ ಜೇಬೂ ಇಲ್ಲ, ಒಂಟಿ ಸಾಲಿನ ಹೊಲಿಗೆ ಮೊದಲ ಏಟಿಗೇ ಬಿಚ್ಚುತ್ತೆ.

ನಮ್ಮ ಕಡೆ ದಿನನಿತ್ಯದ ಓಡಾಟಕ್ಕೆ ಲೆದರ್ ಕಷ್ಟ. ಸಣ್ಣ ತೂತಿನ ಲೆದರ್ ಆದರೂ ಇರ್ವಿನ್ ರೋಡಿನ ಸಿಗ್ನಲ್ಲಿನಲ್ಲಿ ನಿಂತರೆ ಬೆವರು ಇಳಿಯುತ್ತೆ. ಮುಂಗಾರಿನಲ್ಲಿ ಬೀರುವಿನೊಳಗೆ ಮುಚ್ಚಿಟ್ಟರೆ ಬಿಳಿ ಬೂಷ್ಟು ಕಟ್ಟುತ್ತೆ. ಗಾಳಿಯಾಡುವ ಕಡೆ ದಪ್ಪ ಹ್ಯಾಂಗರಿಗೆ ತೂಗುಹಾಕಬೇಕು, ಆಗಾಗ ಕಂಡೀಷನರ್ ಸವರಬೇಕು, ನೆನೆದರೆ ನೆರಳಲ್ಲೇ ಆರಿಸಬೇಕು. ಬೆಳಿಗ್ಗೆ ಬೇಗ ಹೊರಟು ತಿರುವಿನ ರಸ್ತೆಯಲ್ಲಿ ವೇಗವಾಗಿ ಓಡಿಸುವವರಿಗೆ ಸರಿ.

ಆರ್ಮರ್ ಶರ್ಟ್

ಮೈಗಂಟುವ ಬಲೆಯಂಥ ಶರ್ಟಿಗೆ ಎದೆ, ಬೆನ್ನು, ಭುಜ, ಮೊಣಕೈ ಪ್ಯಾಡ್ ಹೊಲಿದಿರುವುದು. ಪ್ಯಾಡು ಮೈಗೆ ಕೂರುವ ಬಿಗಿಯಲ್ಲಿ ಇದು ಜಾಕೆಟ್ಟನ್ನೇ ಮೀರಿಸುತ್ತೆ, ಸೆಕೆಯೂ ಕಡಿಮೆ. ಇದರ ದರ್ಜೆ ಸಿ. ಅಂದರೆ ಏಟು ತಡೆಯುತ್ತೆ, ಉಜ್ಜಾಟ ತಡೆಯುವುದಿಲ್ಲ. ಇದರ ಮೇಲೆ ಬರೀ ಟೀ ಶರ್ಟ್ ಹಾಕಿಕೊಂಡು ರಿಂಗ್ ರೋಡಿನಲ್ಲಿ 80ಕ್ಕೆ ಓಡಿಸುವವರು ಕಾಣುತ್ತಾರೆ. ಬಿದ್ದರೆ ಮೂಳೆ ಉಳಿಯಬಹುದು, ಪ್ಯಾಡುಗಳ ನಡುವಿನ ಚರ್ಮ ಉಳಿಯದು. ಮಣ್ಣು ಹಾದಿಯ ಟ್ರೇಲ್ ಓಡಿಸುವವರಿಗೆ, ಅಥವಾ ಪ್ಯಾಡಿಲ್ಲದ ಗಟ್ಟಿ ಜಾಕೆಟ್ ಈಗಾಗಲೇ ಇರುವವರಿಗೆ ಇದು ಒಪ್ಪುತ್ತೆ.

ಈ ನಾಲ್ಕರಲ್ಲಿ ಮೈಸೂರು-ಮಂಡ್ಯ ಸವಾರರಿಗೆ ಮೊದಲು ಕೊಳ್ಳಬೇಕಾದ್ದು ಮೆಷ್, ಬೆನ್ನಿಗೆ ಲೆವೆಲ್ 2 ಪ್ಯಾಡ್, ಮೇಲೆ ಹಾಕುವ ಸಡಿಲ ರೇನ್‌ಕೋಟ್. ಸೆಕೆ ಅಂತ ಮನೆಯಲ್ಲೇ ಬಿಟ್ಟು ಹೋಗುವ ಎಎಎ ಜಾಕೆಟ್ಟಿಗಿಂತ ಹಾಲು ತರಲು ಹೋಗುವಾಗಲೂ ಮೈಮೇಲಿರುವ ಎ ದರ್ಜೆಯದು ಹೆಚ್ಚು ಕಾಯುತ್ತೆ. ತಿಂಗಳಿಗೆ ಎರಡು ಮೂರು ಸಲ ಕೊಡಗು, ನೀಲಗಿರಿ ಹತ್ತುವವರು ಮಾತ್ರ ಟೂರಿಂಗ್ ಜಾಕೆಟ್ಟಿಗೆ ಹೋಗಲಿ.

ಸೊಂಟದ ಕೆಳಗೆ

ಜಾಕೆಟ್ಟಿಗೆ ಹದಿನೈದು ಸಾವಿರ ಸುರಿದು ಕೆಳಗೆ ಮಾಮೂಲಿ ಜೀನ್ಸ್ ಹಾಕುವವರೇ ಹೆಚ್ಚು. ಮಾಮೂಲಿ ಡೆನಿಮ್ ಡಾಂಬರಿಗೆ ಕ್ಷಣದಲ್ಲಿ ತೂತಾಗುತ್ತೆ. ಪ್ಯಾಂಟಿನ ಮೇಲೆ ಕಟ್ಟುವ ನೀ ಗಾರ್ಡ್ ಅಗ್ಗ, ಏಟಿಗೆ ಆಗುತ್ತೆ, ಆದರೆ ಎರಡೇ ಪಟ್ಟಿ ಇದ್ದರೆ ಬಿದ್ದಾಗ ತಿರುಗಿ ಪಕ್ಕಕ್ಕೆ ಹೋಗುತ್ತೆ. ಸೊಂಟ, ತೊಡೆಗೆ ರಕ್ಷಣೆ ಸೊನ್ನೆ. ರೈಡಿಂಗ್ ಜೀನ್ಸಿನಲ್ಲಿ ಎರಡು ಬಗೆ. ಕೆವ್ಲಾರ್ ಎಂಬ ಗಟ್ಟಿ ನಾರಿನ ಒಳಪದರದ್ದು ಅಗ್ಗ, ಆದರೆ ಆ ಪದರ ಕುಂಡೆ, ಮಂಡಿಗೆ ಮಾತ್ರ, ಅಲ್ಲೇ ಬಿಸಿ. ಗಟ್ಟಿ ನಾರನ್ನು ಡೆನಿಮ್ಮಿಗೇ ಸೇರಿಸಿ ನೇಯ್ದ ಒಂದೇ ಪದರದ್ದು ಹಗುರ, ಆಫೀಸಿಗೂ ಹಾಕಬಹುದು, ದುಬಾರಿ. ಬೇಸಿಗೆಯ ದೂರದ ಓಡಾಟಕ್ಕೆ ಮೆಷ್ ಪ್ಯಾಂಟೇ ಸುಖ. ಯಾವುದಾದರೂ ಮಂಡಿ ಪ್ಯಾಡಿನ ಜೇಬು ಮೇಲೆ ಕೆಳಗೆ ಸರಿಸುವಂತಿರಬೇಕು: ನಿಂತಾಗ ಮಂಡಿಗಿಂತ ತುಸು ಕೆಳಗಿದ್ದರೆ ಕೂತಾಗ ಸರಿಯಾಗಿ ಚಿಪ್ಪಿನ ಮೇಲೆ ಬರುತ್ತೆ.

ಅಳತೆ

ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಜಿಪ್ ಪೂರ್ತಿ ಹಾಕಿ, ನಿಮ್ಮದೇ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಮಣಿಕಟ್ಟು ಬರಿದಾಗಬಾರದು, ಸೊಂಟದ ಹಿಂದೆ ಚರ್ಮ ಕಾಣಬಾರದು. ಜೊತೆಗಿದ್ದವರು ಮೊಣಕೈ ಪ್ಯಾಡನ್ನು ಬಟ್ಟೆ ಸಮೇತ ಹಿಡಿದು ತಿರುಚಲಿ. ಮೂಳೆಯ ಮೇಲಿಂದ ಅದು ಪಕ್ಕಕ್ಕೆ ಜಾರಿದರೆ ತೋಳಿನ ಪಟ್ಟಿ ಬಿಗಿ ಮಾಡಿ ಮತ್ತೆ ನೋಡಿ. ಆಗಲೂ ಜಾರಿದರೆ ಒಂದು ಸೈಜು ಕೆಳಗಿಳಿಯಿರಿ. ಗಂಡಸರ ಸ್ಮಾಲ್ ಸೈಜನ್ನೇ ಹೆಂಗಸರಿಗೆ ಕೊಡುವ ಅಂಗಡಿಗಳಿವೆ. ತೋಳು ಉದ್ದವಾಗಿ ಮೊಣಕೈ ಪ್ಯಾಡು ಮುಂಗೈಗೆ ಇಳಿದಿರುತ್ತೆ, ಭುಜದ್ದು ಕೆಳಗೆ ಜಾರಿರುತ್ತೆ. ಹೆಂಗಸರ ಕಟ್ಟಿನದೇ ಕೇಳಿ ತರಿಸಿಕೊಳ್ಳಿ.

ಗ್ಲೌಸಿನಲ್ಲಿ ನೋಡಬೇಕಾದ್ದು ಎರಡೇ. ಮಣಿಕಟ್ಟಿನ ಪಟ್ಟಿ ಹಾಕಿ ಬೆರಳ ತುದಿ ಹಿಡಿದು ಎಳೆದರೆ ಗ್ಲೌಸ್ ಕಳಚಿ ಬರಬಾರದು; ಅಂಗೈಯ ಬುಡದಲ್ಲಿ ಜಾರುವ ಗಟ್ಟಿ ತುಂಡಿರಬೇಕು. ಅಲ್ಲಿ ಬರೀ ಬಟ್ಟೆಯಿದ್ದರೆ ಅಂಗೈ ಡಾಂಬರಿಗೆ ಕಚ್ಚಿಕೊಂಡು ಮಣಿಕಟ್ಟು ಮುರಿಯಬಹುದು.

ತೊಳೆಯುವುದು, ರಿಪೇರಿ

ಮೆಷ್ ಜಾಕೆಟ್ ಬೆವರಿನ ಉಪ್ಪಿಗೆ ಬೇಗ ಗಬ್ಬು ನಾರುತ್ತೆ. ಐದೂ ಪ್ಯಾಡ್ ತೆಗೆದು, ಯಾವ ಜೇಬಿನದು ಯಾವ ಕಡೆಯದು ಅಂತ ಫೋಟೋ ಹೊಡೆದುಕೊಂಡು, ಜಿಪ್ ಮತ್ತು ವೆಲ್ಕ್ರೊ ಎಲ್ಲ ಮುಚ್ಚಿ, ತಣ್ಣೀರಿನಲ್ಲಿ ಸೌಮ್ಯ ಲಿಕ್ವಿಡ್ ಸೋಪು ಹಾಕಿ ಅರ್ಧ ಗಂಟೆ ನೆನೆಸಿ ಕೈಯಲ್ಲಿ ಹಿಸುಕಿ. ವೆಲ್ಕ್ರೊ ತೆರೆದಿದ್ದರೆ ಅದರ ಮುಳ್ಳು ಮೆಷ್‌ನ ಎಳೆ ಕೀಳುತ್ತೆ. ಕಂಫರ್ಟ್‌ನಂಥ ಸಾಫ್ಟನರ್ ಬೇಡ, ಮಳೆ ಪದರಕ್ಕಂತೂ ಬೇಡವೇ ಬೇಡ. ಬಿಸಿಲಿಗೆ ಒಡ್ಡದೆ ನೆರಳಲ್ಲಿ ತೂಗುಹಾಕಿ. ಪ್ಯಾಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬಿದ್ದ ಮೇಲೆ ಪ್ಯಾಡಿನಲ್ಲಿ ಬಿರುಕು, ತಗ್ಗು ಕಂಡರೆ ಆ ಪ್ಯಾಡ್ ಬದಲಿಸಿ. ಭುಜ, ಮೊಣಕೈ ಹೊರಬದಿಯ ಬಟ್ಟೆ ಸವೆದು ತೆಳುವಾಗಿದ್ದರೆ ತೇಪೆ ಹಾಕಿಸಬೇಡಿ, ಆ ಜಾಕೆಟ್ಟಿನ ಕೆಲಸ ಮುಗಿಯಿತು. ಹೊಲಿಗೆ ಮಾತ್ರ ಬಿಚ್ಚಿದ್ದರೆ ಶರ್ಟು ಹೊಲಿಯುವ ಟೈಲರ್ ಬಳಿ ಒಯ್ಯಬೇಡಿ. ಅವರ ತೆಳು ದಾರ ಒಂದು ಜಗ್ಗಿಗೆ ಕಿತ್ತುಬರುತ್ತೆ. ಬ್ಯಾಗು, ಗಾಡಿ ಸೀಟು ಹೊಲಿಯುವವರ ಹತ್ತಿರ ದಪ್ಪ ನೈಲಾನ್ ದಾರ ಇರುತ್ತೆ. ಹಳೆಯ ತೂತುಗಳ ಮೇಲೇ, ಮೊದಲಿದ್ದಷ್ಟೇ ಸಾಲು ಹಾಕಿಕೊಡಿ ಅಂತ ಹೇಳಿ, ಎದುರಿಗೇ ನಿಂತು ಹೊಲಿಸಿಕೊಂಡು ಬನ್ನಿ.