₹750ರ ಓಬಿಡಿ ಸ್ಕ್ಯಾನರ್: ಎರಡು ವರ್ಷ ಬಳಸಿದ ಮೇಲೆ

ದಿನಾ ಮಂಡ್ಯದಿಂದ ಮೈಸೂರಿಗೆ ಕಾರಲ್ಲಿ ಹೋಗಿ ಬರುತ್ತೇನೆ. 2016ರ ಪೆಟ್ರೋಲ್ ಗಾಡಿ, ಬಿಎಸ್ 4 ಹೊಗೆ ನಿಯಮದ್ದು. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಈ ಸ್ಕ್ಯಾನರ್ ತೆಗೆದುಕೊಂಡಿದ್ದು ಬೇಜಾರಿನಲ್ಲಿ. ಪೆಟ್ರೋಲ್ ಫುಲ್ ಮಾಡಿಸಿದಾಗಲೆಲ್ಲ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಬಂಕಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೆ, ಇದು ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮಿಕೊಂಡು ಏಳುತ್ತಿತ್ತು. ಅರ್ಧ ಟ್ಯಾಂಕ್ ಇದ್ದಾಗ ಏನೂ ತೊಂದರೆ ಇಲ್ಲ. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು. ಇನ್ನೊಂದರಲ್ಲಿ ಆಕ್ಸಿಜನ್ ಸೆನ್ಸರ್ ಹೋಗಿದೆ, ಏಳು ಸಾವಿರ ಆಗುತ್ತೆ ಅಂದರು. ಅಷ್ಟು ಕೊಡುವ ಮುಂಚೆ ನಾನೇ ಒಂದು ಸಲ ನೋಡೋಣ ಅನ್ನಿಸಿತು.

ಸ್ಟೇರಿಂಗ್ ಕೆಳಗೆ ಚುಚ್ಚಿ, ಫೋನಿಗೆ ಜೋಡಿಸಿದೆ. ಬಂದ ಕೋಡ್ ಪಿ0172, ಅಂದರೆ ಇಂಜಿನ್‌ನಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಆಗುತ್ತಿದೆ ಅಂತ. ಯಾಕೆ ಜಾಸ್ತಿ ಅನ್ನುವುದನ್ನು ಅದು ಹೇಳಲ್ಲ. ನನಗೆ ಖುಷಿ ಕೊಟ್ಟಿದ್ದು ಲೈವ್ ಡೇಟಾ, ಅಂದರೆ ಇಂಜಿನ್ ಓಡುವಾಗಲೇ ಕಾಣುವ ಅಂಕಿಗಳು, ಅದರಲ್ಲೂ ಫ್ಯೂಯಲ್ ಟ್ರಿಮ್. ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನೋ ಲೆಕ್ಕ ಅದು. ಸೊನ್ನೆಯ ಆಸುಪಾಸು ಇರಬೇಕು. ಫುಲ್ ಟ್ಯಾಂಕ್ ಇದ್ದಾಗ ನನ್ನದು ಮೈನಸ್ 22 ಪರ್ಸೆಂಟ್, ಅಂದರೆ ಕಂಪ್ಯೂಟರ್ ಅಷ್ಟು ಪೆಟ್ರೋಲ್ ಕಮ್ಮಿ ಮಾಡುತ್ತಿತ್ತು.

ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗಬಾರದು ಅಂತ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್. ಇಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಒಳಗೆಳೆದು ಸುಡುತ್ತದೆ. ವಾಲ್ವ್ ತೆರೆದೇ ಕಚ್ಚಿಕೊಂಡರೆ ಟ್ಯಾಂಕ್ ತುಂಬಿಸಿದ ಕೂಡಲೇ ಆವಿಯೆಲ್ಲ ಇಂಜಿನ್‌ಗೆ ನುಗ್ಗುತ್ತದೆ. ಬಾನೆಟ್ ತೆಗೆದು, ಡಬ್ಬಿಯಿಂದ ಬರುವ ಪೈಪನ್ನು ಬೆರಳಲ್ಲಿ ಒತ್ತಿ ಹಿಡಿದೆ. ಇನ್ನೊಂದು ಕೈಯಲ್ಲಿ ಫೋನ್. ಮೈನಸ್ 22, 17, 11, 4! ಬಿಟ್ಟೆ, ಮತ್ತೆ ಕೆಳಗಿಳಿಯಿತು. ಹತ್ತು ಸಲವಾದರೂ ಒತ್ತಿ ಬಿಟ್ಟು ನೋಡಿದ್ದೇನೆ.

ಈ ಸ್ಕ್ಯಾನರ್ ಮೇಲಿನ ನನ್ನ ದೊಡ್ಡ ತಕರಾರು ಇಲ್ಲೇ ಶುರು. ಚಾಲೂ ಇಂಜಿನ್ ವಾಲ್ವನ್ನು ತಾನಾಗೇ ತೆರೆಯುವುದೂ ಉಂಟು, ಹಾಗಾಗಿ ಪೈಪ್ ಒತ್ತಿದ್ದಷ್ಟೇ ಸಾಕ್ಷಿ ಅಲ್ಲ. ವಾಲ್ವನ್ನು ಮುಚ್ಚು, ತೆರೆ ಅಂತ ಆಜ್ಞೆ ಕೊಡಬೇಕು. ಆ ಕೆಲಸ ಇದರಿಂದ ಆಗಲ್ಲ. ಅದಕ್ಕೆ ಗ್ಯಾರೇಜಿನವರ ದುಬಾರಿ ಮೆಷಿನ್ನೇ ಬೇಕು. ಈ ಆವಿಯ ವ್ಯವಸ್ಥೆಯಲ್ಲಿ ಸೋರಿಕೆ ಇದ್ದರೆ ಪಿ0442, ಪಿ0455 ಕೋಡ್ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಾರಿನಲ್ಲಿ ಆ ಸೋರಿಕೆ ಪರೀಕ್ಷಿಸುವ ಇವ್ಯಾಪ್ ಮಾನಿಟರ್ ಎದುರು 'ಸಪೋರ್ಟ್ ಇಲ್ಲ' ಅಂತ ತೋರಿಸುತ್ತದೆ. ಆ ಕೋಡ್‌ಗಳಿಗೆ ಕಾಯುತ್ತಾ ಕೂತಿದ್ದರೆ ಸುಮ್ನೆ ಕಾಲಹರಣ ಆಗುತ್ತಿತ್ತು. ಇನ್ನೊಂದು ಕೋಪ: ರಾತ್ರಿ ಚುಚ್ಚಿದ ಹಾಗೇ ಬಿಟ್ಟರೆ ಬ್ಯಾಟರಿ ಎಳೆಯುತ್ತದೆ. ಒಂದು ವಾರ ಊರಲ್ಲಿಲ್ಲದೆ ವಾಪಸ್ ಬಂದಾಗ ಪಕ್ಕದ ಮನೆಯವರ ಕಾರಿಂದ ಜಂಪ್ ಕೊಡಿಸಿದೆ.

ಕೊನೆಗೆ ಮೆಡಿಕಲ್ ಅಂಗಡಿಯ 50 ಎಂಎಲ್ ಸಿರಿಂಜ್ ಕೆಲಸಕ್ಕೆ ಬಂತು. ವಾಲ್ವ್ ಬಿಚ್ಚಿ ಅದರ ಮೂತಿಗೆ ಸಿರಿಂಜ್ ಸಿಕ್ಕಿಸಿ ಎಳೆದೆ. ಕರೆಂಟ್ ಇಲ್ಲದಾಗ ವಾಲ್ವ್ ಮುಚ್ಚಿರಬೇಕು, ಸಿರಿಂಜಿನ ಪಿಸ್ಟನ್ ಬಿಗಿಯಾಗಬೇಕು. ಬೆಣ್ಣೆಯ ಹಾಗೆ ಬಂತು. ಬಿಳಿ ಕಾಗದದ ಮೇಲೆ ತಟ್ಟಿದರೆ ಸಾಸಿವೆಗಿಂತ ಸಣ್ಣ ಕರಿ ಚೂರುಗಳು ಉದುರಿದವು. ಡಬ್ಬಿಯ ಇದ್ದಿಲು ಅದು. ವಾಲ್ವ್ ₹1,800. ಡಬ್ಬಿ ಒಡೆದಿದ್ದರೆ ಹೊಸ ವಾಲ್ವೂ ಹಾಗೇ ಕಚ್ಚಿಕೊಳ್ಳುತ್ತೆ ಅಂತ ಅದನ್ನೂ ಬದಲಿಸಿದೆ, ಅದಕ್ಕೆ ಇನ್ನೂ ಜಾಸ್ತಿ ಆಯಿತು. ಆಕ್ಸಿಜನ್ ಸೆನ್ಸರ್ ಹಳೆಯದೇ ಇದೆ, ಚೆನ್ನಾಗಿದೆ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕಾರಲ್ಲಿ ಕೂರುತ್ತೇನೆ. ಇಂಜಿನ್ ಬಿಸಿಯಾಗುವವರೆಗೆ ಕಾಯುತ್ತೇನೆ, ಟ್ರಿಮ್ ನೋಡಿ ಚೀಟಿಯಲ್ಲಿ ಬರೆಯುತ್ತೇನೆ, ಸ್ಕ್ಯಾನರ್ ಕಿತ್ತು ಡ್ರಾಯರ್‌ಗೆ ಹಾಕುತ್ತೇನೆ. ಈ ವಾರ ಮೈನಸ್ 2.

ನಾಲ್ಕು ಸ್ಟಾರ್ ಕೊಡುತ್ತೇನೆ. ನಿಮಗೆ ಕೋಡ್ ಓದಿ ಅಳಿಸುವುದಷ್ಟೇ ಬೇಕಿದ್ದರೆ ಇದನ್ನು ತೆಗೆದುಕೊಳ್ಳಬೇಡಿ.

ಬಂಕಿನಲ್ಲಿ ಮೊನ್ನೆ ಹುಡುಗ ಕೇಳಿದ, "ಸಾರ್, ರೌಂಡ್ ಫಿಗರ್ ಮಾಡ್ಬಿಡ್ಲಾ?" ಆಟೋ ಕಟ್ ಆದ ಮೇಲೂ ತುಂಬಿಸಿದರೆ ಪೆಟ್ರೋಲೇ ಡಬ್ಬಿಗೆ ಇಳಿದು ಇದ್ದಿಲು ಹಾಳಾಗುತ್ತದೆ. ವರ್ಷಗಟ್ಟಲೆ ನಾನು ಹೂಂ ಅನ್ನುತ್ತಿದ್ದೆ.

"ಬೇಡಪ್ಪ, ಕಟ್ ಆಯ್ತಲ್ಲ, ಸಾಕು," ಅಂದೆ. ಬಿಲ್ ₹1,963. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.