ಎಂಎಲ್‌ಬಿ ದ ಶೋನಲ್ಲಿ ಪಿಚಿಂಗ್ ಕಲಿಯುವವರಿಗೆ: ಪಿನ್‌ಪಾಯಿಂಟ್ ಕೈಬಿಡಬೇಡಿ

ಎಂಎಲ್‌ಬಿ ದ ಶೋ ಎಂಬ ಬೇಸ್‌ಬಾಲ್ ವಿಡಿಯೊ ಗೇಮ್‌ನ ಗ್ರಾಫಿಕ್ಸ್, ತಂಡಗಳು, ಮೋಡ್‌ಗಳ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹಲವು ಆವೃತ್ತಿಗಳನ್ನು ಆಡಿದ ಮೇಲೆ ಬರೆಯಬೇಕೆನಿಸಿದ್ದು ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದು, ಅದೊಂದರ ಬಗ್ಗೆ, ಅದರಲ್ಲೂ 2021ರ ಆವೃತ್ತಿಯಲ್ಲಿ ಬಂದ ಪಿನ್‌ಪಾಯಿಂಟ್ ಎಂಬ ಎಸೆಯುವ ವಿಧಾನದ ಬಗ್ಗೆ.

ಮೊದಮೊದಲು ಇದು ಸಿಟ್ಟು ಬರಿಸುತ್ತದೆ. ಬಟನ್ ಒತ್ತಿ ಎಸೆತ ಆರಿಸಬೇಕು, ಎಡ ಸ್ಟಿಕ್‌ನಿಂದ ಗುರಿ ಇಡಬೇಕು, ಆಮೇಲೆ ಪರದೆಯ ಮೇಲೆ ಮೂಡುವ ಗೆರೆಯನ್ನು ಬಲ ಸ್ಟಿಕ್‌ನಿಂದ ಅಕ್ಷರ ತಿದ್ದಿದ ಹಾಗೆ ತಿದ್ದಬೇಕು. ಅಷ್ಟರಲ್ಲಿ ಹೊರಗಿನ ಉಂಗುರ ಕುಗ್ಗುತ್ತಾ ಒಳಗಿನದರ ಹತ್ತಿರ ಬರುತ್ತಿರುತ್ತದೆ. ಎರಡೂ ಕೂಡುವ ಕ್ಷಣಕ್ಕೆ ಸರಿಯಾಗಿ ಸ್ಟಿಕ್‌ಗೆ ಕೊನೆಯ ತಳ್ಳು ಕೊಡಬೇಕು. ಹೊಸಬರು ಉಂಗುರ ನೋಡಿ ಗಾಬರಿಯಾಗಿ ಗೆರೆಯನ್ನು ಅವಸರದಲ್ಲಿ ಎಳೆಯುತ್ತಾರೆ. ಚೆಂಡು ಪ್ಲೇಟಿನ (ಬ್ಯಾಟರ್ ಪಕ್ಕ ನೆಲದ ಮೇಲಿರುವ ಫಲಕ) ನಡುಮಧ್ಯಕ್ಕೆ ಹೋಗಿ ಕೂರುತ್ತದೆ, ಮರುಕ್ಷಣ ಹೋಮ್ ರನ್, ಚೆಂಡು ಬೇಲಿಯಾಚೆ.

ಇಲ್ಲಿಗೇ ಬೇಸತ್ತು ಹಲವರು ಮೀಟರ್ ಎಂಬ ಇನ್ನೊಂದು ವಿಧಾನಕ್ಕೆ ಹೋಗುತ್ತಾರೆ. ಅದರಲ್ಲಿ ಮೂರು ಒತ್ತು ಸಾಕು: ಶುರು ಮಾಡಲು ಒಂದು, ಬಲಕ್ಕೆ ಒಂದು, ನಿಖರತೆಗೆ ಒಂದು. ಮೀಟರ್ ಕೆಟ್ಟದ್ದಲ್ಲ, ನಿಯಮ ಗೊತ್ತಾಗುವವರೆಗೆ ಅದೇ ಒಳ್ಳೆಯದು. ಆದರೆ ಪಿನ್‌ಪಾಯಿಂಟ್‌ನಲ್ಲಿ ಪ್ರತಿ ಎಸೆತದ ನಂತರ ಬರುವ ಆ ಪುಟ್ಟ ವರದಿ ಇದೆಯಲ್ಲ, ನಿಜವಾದ ಮೇಷ್ಟ್ರು ಅದು. ಗೆರೆ ಎಷ್ಟು ಸರಿಯಾಯಿತು, ಬಿಟ್ಟ ಹೊತ್ತು ಬೇಗವೋ ತಡವೋ, ಕೊನೆಯ ತಳ್ಳು ಎತ್ತ ವಾಲಿತು, ಮೂರನ್ನೂ ಬಿಡಿಬಿಡಿಯಾಗಿ ಹೇಳುತ್ತದೆ. ಅದನ್ನು ಓದದೆ ಮುಂದಿನ ಎಸೆತಕ್ಕೆ ಹೋಗಬೇಡಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿಕೊಳ್ಳಿ: ಮೊದಲು ಹೊತ್ತು, ಆಮೇಲೆ ಗೆರೆ, ಕೊನೆಗೆ ದಿಕ್ಕು.

ಅಭ್ಯಾಸದ ಮೋಡ್‌ನಲ್ಲಿ ದಿನಾ ಇಪ್ಪತ್ತು ಫೋರ್-ಸೀಮ್ ಫಾಸ್ಟ್‌ಬಾಲ್ (ನೇರ ವೇಗದ ಎಸೆತ), ಎಲ್ಲವೂ ಹೊರಗಿನ, ಅಂದರೆ ಬ್ಯಾಟರ್‌ನಿಂದ ದೂರದ ಕೆಳಮೂಲೆಗೆ. ಗೆರೆ ಸರಳ, ಆದ್ದರಿಂದ ಮನಸ್ಸೆಲ್ಲ ಉಂಗುರದ ಮೇಲೆ ಇಡಬಹುದು. ಕೈ ಪಳಗಿದ ಮೇಲೆ ಚೇಂಜಪ್ (ಫಾಸ್ಟ್‌ಬಾಲ್‌ನಂತೆ ಕಂಡರೂ ನಿಧಾನವಾಗಿ ಬರುವ ಎಸೆತ), ಅದಾದ ಮೇಲೆ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ). ಈ ಮೂರೂ ಇರುವ ಪಿಚರ್‌ನನ್ನೇ ಆರಿಸಿಕೊಳ್ಳಿ. ಪಿಚಿಂಗ್ ಮತ್ತು ಬ್ಯಾಟಿಂಗ್ ಕಷ್ಟದ ಮಟ್ಟವನ್ನು ಬೇರೆಬೇರೆಯಾಗಿ ಇಡಬಹುದು, ಪಿಚಿಂಗ್ ರೂಕಿ ಎಂಬ ಸುಲಭ ಮಟ್ಟದಲ್ಲಿರಲಿ.

ಗುರಿಯ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಗುರಿ ಗುರುತು ತೋರಿಸುವುದು ಚೆಂಡು ಕೊನೆಗೆ ತಲುಪುವ ಜಾಗವನ್ನು. ಸ್ಲೈಡರ್‌ನ ಗುರುತನ್ನು ಸ್ಟ್ರೈಕ್ ವಲಯದ (ಪ್ಲೇಟಿನ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಜಾಗ) ನಡುವೆ ಇಟ್ಟರೆ, ತಿರುಗಿ ಬಂದ ಚೆಂಡು ಬ್ಯಾಟರ್‌ನ ಬಾಯಿಗೇ ತುತ್ತು. ಬಲಗೈ ಪಿಚರ್, ಬಲಗೈ ಬ್ಯಾಟರ್ ಆಗಿದ್ದರೆ ಗುರುತು ಹೊರಗಿನ ಕೆಳಮೂಲೆಯ ಅಂಚಿಗಿಂತ ತುಸು ಆಚೆ ಇರಬೇಕು. ಸ್ಟ್ರೈಕ್ ಎಂದುಕೊಂಡು ಬೀಸುತ್ತಾನೆ, ಚೆಂಡು ಆಚೆ ಜಾರಿರುತ್ತದೆ. ಪ್ಲೇಟಿನ ಅಗಲವೇ 17 ಇಂಚು, ಹಾಗಾಗಿ ಆ ತುಸುವೇ ದೊಡ್ಡದು.

ಚೇಂಜಪ್‌ನ ಸುಖ ಬೇರೆಯೇ. ಗಂಟೆಗೆ 95 ಮೈಲಿಯ ಫಾಸ್ಟ್‌ಬಾಲ್ ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟ್ ತಲುಪುತ್ತದೆ. ಅಂಥವೆರಡನ್ನು ಎದೆಮಟ್ಟಕ್ಕೆ, ಒಳಗಡೆಗೆ ಎಸೆದು, ಮೂರನೆಯದಾಗಿ 85ರ ಚೇಂಜಪ್ ಕೆಳಗೆ ಬಿಟ್ಟರೆ ಬ್ಯಾಟ್ ಮೊದಲು ಬರುತ್ತದೆ, ಚೆಂಡು ಆಮೇಲೆ. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್; ಎರಡು ಸ್ಟ್ರೈಕ್ ಆಗಿ ಒಂದೂ ಬಾಲ್ (ವಲಯದಾಚೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಇಲ್ಲದಿರುವಾಗಲಂತೂ ವಲಯದೊಳಕ್ಕೆ ಎಸೆಯುವ ದರ್ದೇ ಇಲ್ಲ. ನಾಲ್ಕನೆಯ ಬಾಲ್‌ಗೆ ಮಾತ್ರ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್, ಮೂರರವರೆಗೆ ಅವಕಾಶವಿದೆ, ಅವನೇ ಬೆನ್ನತ್ತಿ ಬರಲಿ.

ಬೇಸ್ ಮೇಲೆ ಓಟಗಾರ ನಿಂತಾಗ ಪಿಚರ್ ಪೂರ್ತಿ ವೈಂಡಪ್ (ಎಸೆಯುವ ಮುನ್ನ ಮೈಯನ್ನು ದೊಡ್ಡದಾಗಿ ಬಳಸುವ ಭಂಗಿ) ಬಿಟ್ಟು ಸ್ಟ್ರೆಚ್ ಎಂಬ ಚುಟುಕು ಭಂಗಿಯಿಂದ ಎಸೆಯುತ್ತಾನೆ, ಲಯ ಬದಲಾಗುತ್ತದೆ. ಇದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಬೇಕು, ಇಲ್ಲದಿದ್ದರೆ ಚೆನ್ನಾಗಿ ನಡೆಯುತ್ತಿದ್ದ ಇನ್ನಿಂಗ್ಸ್ ಅಲ್ಲೇ ಹದಗೆಡುತ್ತದೆ. ದಣಿದ ಪಿಚರ್‌ನ ಹಿಡಿತವೂ ಸಡಿಲ. ನಿಮ್ಮ ಗೆರೆ ಸರಿಯಿದ್ದರೂ ಚೆಂಡು ಚದುರತೊಡಗಿದರೆ ಬುಲ್‌ಪೆನ್ (ಬದಲಿ ಪಿಚರ್‌ಗಳು ಕಾಯುವ ಜಾಗ) ಕಡೆ ನೋಡಿ.

ಇಷ್ಟೆಲ್ಲ ಮಾಡಿದರೂ ವರದಿಯಲ್ಲಿ ಸದಾ 'ತಡ' ಎಂದೇ ಬರುತ್ತಿದ್ದರೆ ನಿಮ್ಮ ಬೆರಳನ್ನು ಬೈದುಕೊಳ್ಳುವ ಮೊದಲು ಟಿವಿ ನೋಡಿ. ಗೇಮ್ ಮೋಡ್ ಆನ್ ಇಲ್ಲದಿದ್ದರೆ ಚಿತ್ರವೇ ತಡವಾಗಿ ಬರುತ್ತದೆ, ಉಂಗುರ ಕಣ್ಣಿಗೆ ಕೂಡುವ ಹೊತ್ತಿಗೆ ಆಟದಲ್ಲಿ ಕೂಡಿ ಆಗಿರುತ್ತದೆ. ಗೆರೆ ಒಂದೇ ಕಡೆಗೆ ವಾಲುತ್ತಿದ್ದರೆ ಸ್ಟಿಕ್ ಸವೆದಿರಬಹುದು. ಕೈ ತೆಗೆದಾಗ ಅದು ನಡುವಿಗೆ ಮರಳುತ್ತದೆಯೇ, ಪರೀಕ್ಷಿಸಿ.

ಪಿಚಿಂಗ್ ಕಲಿಯುವುದಕ್ಕಾಗಿಯೇ ವರ್ಷವರ್ಷ ಹೊಸ ಆವೃತ್ತಿ ಕೊಳ್ಳಬೇಕಿಲ್ಲ. ಹಳೆಯವುಗಳ ಆನ್‌ಲೈನ್ ಸೇವೆ ಕೆಲವು ವರ್ಷಗಳಲ್ಲಿ ನಿಲ್ಲುತ್ತದೆ ನಿಜ, ಆದರೆ ಆಫ್‌ಲೈನ್ ಮೋಡ್‌ಗಳಲ್ಲಿ ಒಬ್ಬರೇ ಕೂತು ಆಡುವವರಿಗೆ ಅದರಿಂದ ತೊಂದರೆಯಿಲ್ಲ. ಉಳಿದ ಹಣ ಒಳ್ಳೆಯ ಕಂಟ್ರೋಲರ್‌ಗೆ ಹೋಗಲಿ.